‘ಹೌದು’ ಎಂದರೆ ಯಾವುದಕ್ಕೆ ಹೌದು? ಕ್ಯಾಲಿಫೋರ್ನಿಯಾದ ಪ್ರಪೊಸಿಷನ್‌ಗಳಿಗೆ ಮತ ಹಾಕುವ ಬಗೆ

ಪೌರತ್ವದ ಪ್ರಮಾಣವಚನ ಮುಗಿಸಿ ಮೊದಲ ಬಾರಿಗೆ ಮತ ಹಾಕಲು ಹೊರಟಿರುವವರು ಈ ಸಭೆಯಲ್ಲಿ ಹಲವರಿದ್ದೀರಿ. ಅಂಚೆಯಲ್ಲಿ ಬರುವ ಮತಪತ್ರವನ್ನು ಬಿಡಿಸಿದಾಗ ಮೊದಲು ಕಾಣುವುದು ನಮಗೆ ಪರಿಚಿತವಾದದ್ದೇ: ಒಂದು ಹುದ್ದೆ, ಅದಕ್ಕೆ ಸ್ಪರ್ಧಿಸಿದವರ ಹೆಸರುಗಳು. ಹಾಳೆ ತಿರುವಿದರೆ ಮನುಷ್ಯರ ಹೆಸರು ಮುಗಿದು ಪ್ರಶ್ನೆಗಳು ಶುರುವಾಗುತ್ತವೆ. 2024ರ ನವೆಂಬರಿನಲ್ಲಿ ರಾಜ್ಯ ಮಟ್ಟದಲ್ಲಿಯೇ, ಪ್ರಪೊಸಿಷನ್ ಎಂದು ಕರೆಯುವ, ಇಂಥ ಹತ್ತು ಪ್ರಶ್ನೆಗಳಿದ್ದವು. ಅವುಗಳ ಕೆಳಗೆ ಕೌಂಟಿ, ನಗರ ಮತ್ತು ಶಾಲಾ ಜಿಲ್ಲೆಗಳ ಇಂಥದೇ ಪ್ರಶ್ನೆಗಳಾದ ಮೆಷರ್‌ಗಳು ಬೇರೆ. ಕರ್ನಾಟಕದಲ್ಲಿ ಮತಯಂತ್ರದ ಮುಂದೆ ನಿಂತು ಚಿಹ್ನೆ ನೋಡಿ ಗುಂಡಿ ಒತ್ತಿ ಬಂದವರು ನಾವು. ಇಲ್ಲಿ ಆ ಪ್ರಶ್ನೆಗಳ ಪಕ್ಕದಲ್ಲಿ ಚಿಹ್ನೆಯೂ ಇಲ್ಲ, ಪಕ್ಷದ ಹೆಸರೂ ಇಲ್ಲ. ಒಂದು ಸಂಖ್ಯೆ, ಒಂದಷ್ಟು ಸಾಲುಗಳ ಸಾರಾಂಶ, ಅದರ ಎದುರು ‘ಹೌದು’ ಮತ್ತು ‘ಇಲ್ಲ’ ಎಂಬ ಎರಡು ಖಾಲಿ ವೃತ್ತಗಳು, ಇಷ್ಟೇ.

ಯಾವುದಕ್ಕೆ ಹೌದು ಎನ್ನಬೇಕು, ಯಾವುದಕ್ಕೆ ಇಲ್ಲ ಎನ್ನಬೇಕು ಎಂದು ನಾನು ಇಂದು ಹೇಳುವುದಿಲ್ಲ. ಓದುವ ಕ್ರಮವೊಂದನ್ನು ಮಾತ್ರ ನಿಮ್ಮ ಮುಂದಿಡುತ್ತೇನೆ. ಆ ಪ್ರಶ್ನೆ ನಿಮ್ಮ ಅಭಿಪ್ರಾಯ ಕೇಳುತ್ತಿರುವ ಸಮೀಕ್ಷೆಯಲ್ಲ. ಅದರ ಹಿಂದೆ ಯಾರೋ ಬರೆದ ಕಾನೂನಿನ ಪಠ್ಯವಿದೆ, ನೀವು ಆ ಗಳಿಗೆಗೆ ಶಾಸಕರು. ಆದ್ದರಿಂದ ‘ಈ ವಿಷಯದಲ್ಲಿ ನನಗೆ ಏನನಿಸುತ್ತದೆ’ ಎಂದು ಕೇಳಿಕೊಳ್ಳುವುದಕ್ಕೆ ಮೊದಲು ‘ಇದು ಗೆದ್ದರೆ ಕಾನೂನಿನಲ್ಲಿ ಏನು ಬದಲಾಗುತ್ತದೆ, ಸೋತರೆ ಏನು ಉಳಿಯುತ್ತದೆ’ ಎಂದು ಕೇಳಿಕೊಳ್ಳಿ. ಈ ಎರಡು ಪ್ರಶ್ನೆಗಳು ಒಂದೇ ಎಂದು ತೋರಬಹುದು. ಅವು ಒಂದೇ ಅಲ್ಲ ಎಂಬುದಕ್ಕೆ ಉದಾಹರಣೆಗಳನ್ನು ಕೊಡುತ್ತೇನೆ.

ಮೊದಲು ಈ ಪದ್ಧತಿ ಎಲ್ಲಿಂದ ಬಂತೆಂದು ನೋಡೋಣ. ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಕ್ಯಾಲಿಫೋರ್ನಿಯಾದ ಶಾಸನಸಭೆ ಸದರ್ನ್ ಪೆಸಿಫಿಕ್ ರೈಲ್ವೆ ಕಂಪನಿಯ ಮುಷ್ಟಿಯಲ್ಲಿದೆ ಎಂಬ ಸಿಟ್ಟು ಜನರಲ್ಲಿ ಬೆಳೆದಿತ್ತು. ಆ ಸಿಟ್ಟನ್ನೇ ಚುನಾವಣೆಯ ವಿಷಯವಾಗಿಸಿ 1910ರಲ್ಲಿ ಗೆದ್ದ ಗವರ್ನರ್ ಹೈರಮ್ ಜಾನ್ಸನ್, 1911ರ ಅಕ್ಟೋಬರ್ 10ರ ವಿಶೇಷ ಚುನಾವಣೆಯಲ್ಲಿ ಜನರಿಗೆ ಮೂರು ಅಧಿಕಾರಗಳನ್ನು ಕೊಡುವ ಸಂವಿಧಾನ ತಿದ್ದುಪಡಿಗಳಿಗೆ ಒಪ್ಪಿಗೆ ಪಡೆದರು: ತಾವೇ ಕಾನೂನು ಬರೆದು ಮತಕ್ಕೆ ಹಾಕುವ ಇನಿಷಿಯೇಟಿವ್, ಶಾಸನಸಭೆ ಮಾಡಿದ ಕಾನೂನನ್ನು ತಡೆದು ಮತಕ್ಕೆ ಎಳೆದು ತರುವ ರೆಫರೆಂಡಮ್, ಆಯ್ಕೆಯಾದವರನ್ನು ಅವಧಿಗೆ ಮೊದಲೇ ಕೆಳಗಿಳಿಸುವ ರೀಕಾಲ್. ಈ ರಾಜ್ಯದ ಮಹಿಳೆಯರಿಗೆ ಮತದಾನದ ಹಕ್ಕು ಸಿಕ್ಕಿದ್ದೂ ಅದೇ ದಿನ. ಸೌತ್ ಡಕೋಟ 1898ರಲ್ಲೂ ಆರಿಗನ್ 1902ರಲ್ಲೂ ಇದೇ ದಾರಿ ಹಿಡಿದಿದ್ದವು. ಇಂದು ಸುಮಾರು ಅರ್ಧದಷ್ಟು ರಾಜ್ಯಗಳಲ್ಲಿ ಈ ವ್ಯವಸ್ಥೆಯಿದೆ. ಇಡೀ ದೇಶಕ್ಕೆ ಅನ್ವಯಿಸುವ ಇಂಥ ಮತದಾನ ಮಾತ್ರ ಅಮೆರಿಕದಲ್ಲಿ ಇಲ್ಲ.

ಇವುಗಳಲ್ಲದೆ ಶಾಸನಸಭೆಯೇ ಕಳುಹಿಸುವ ಪ್ರಪೊಸಿಷನ್‌ಗಳೂ ಇವೆ. ರಾಜ್ಯದ ಸಂವಿಧಾನ ತಿದ್ದುವುದಕ್ಕೂ ದೊಡ್ಡ ಸಾಲ ಎತ್ತುವುದಕ್ಕೂ ಶಾಸಕರು ಜನರನ್ನು ಕೇಳಲೇಬೇಕು. ಹಾಗಾಗಿ ನಿಮ್ಮ ಕೈಗೆ ಬಂದ ಪ್ರತಿ ಪ್ರಪೊಸಿಷನ್‌ನಲ್ಲಿ ಮೊದಲು ಹುಡುಕಬೇಕಾದದ್ದು ಅದರ ಜಾತಕವನ್ನು: ಇದನ್ನು ಇಲ್ಲಿಗೆ ತಂದವರು ಶಾಸಕರೋ, ಸಹಿ ಸಂಗ್ರಹಿಸಿದವರೋ? ಇದು ಸಾಮಾನ್ಯ ಕಾನೂನೋ, ಸಂವಿಧಾನ ತಿದ್ದುಪಡಿಯೋ, ಬಾಂಡ್ ಸಾಲವೋ, ರೆಫರೆಂಡಮ್ಮೋ?

ಸಹಿ ಸಂಗ್ರಹ ಎಂದೊಡನೆ ನೆನಪಾಗುತ್ತದೆ. ಪೌರತ್ವ ಬಂದ ಮೊದಲ ವರ್ಷ, ಶನಿವಾರದ ದಿನಸಿ ತರಲು ಹೋದಾಗ ಅಂಗಡಿಯ ಬಾಗಿಲಲ್ಲಿ ರಟ್ಟಿಗೆ ಹಾಳೆ ಸಿಕ್ಕಿಸಿಕೊಂಡು ನಿಂತಿದ್ದ ಯುವಕನೊಬ್ಬ ‘ಶಾಲೆಗಳಿಗೆ ಹೆಚ್ಚು ಹಣ ಬೇಡವೇ?’ ಎಂದು ಕೇಳಿದ. ಬೇಡ ಎನ್ನುವವರು ಯಾರು? ಒಂದು ಕೈಯಲ್ಲಿ ಹಾಲಿನ ಕ್ಯಾನ್ ಹಿಡಿದುಕೊಂಡೇ ಸಹಿ ಮಾಡಿದೆ. ಮನೆಗೆ ಬಂದು ಹುಡುಕಿ ಓದಿದಾಗ ಅದು ಮುಖ್ಯವಾಗಿ ತೆರಿಗೆಯ ನಿಯಮವನ್ನು ಬದಲಿಸುವ ಪ್ರಸ್ತಾವವಾಗಿತ್ತು. ಶಾಲೆಗಳಿಗೆ ಹೋಗುತ್ತಿದ್ದದ್ದು ಅದರ ಒಂದು ಪಾಲು ಮಾತ್ರ. ಸಾಮಾನ್ಯ ಕಾನೂನಿಗೆ ಹಿಂದಿನ ಗವರ್ನರ್ ಚುನಾವಣೆಯಲ್ಲಿ ಬಿದ್ದ ಮತಗಳ ಶೇ 5ರಷ್ಟು, ಸಂವಿಧಾನ ತಿದ್ದುಪಡಿಗೆ ಶೇ 8ರಷ್ಟು ಸಹಿ ಬೇಕು. 2022ರ ಚುನಾವಣೆಯ ಲೆಕ್ಕದಲ್ಲಿ ಇದು ಸುಮಾರು 5 ಲಕ್ಷ 46 ಸಾವಿರ ಮತ್ತು 8 ಲಕ್ಷ 74 ಸಾವಿರ. ಇಷ್ಟನ್ನು 180 ದಿನಗಳಲ್ಲಿ ಸೇರಿಸಬೇಕಾದ್ದರಿಂದ ಈ ಕೆಲಸ ಬಹುಪಾಲು ಕೂಲಿಯ ಕೆಲಸವಾಗಿದೆ. ಬಾಗಿಲಲ್ಲಿ ನಿಂತ ಯುವಕನ ಮೇಲೆ ನನಗೆ ಕೋಪವಿಲ್ಲ. ಆದರೆ ಆ ಹಾಳೆಯ ಮೇಲೆಯೇ ಅಧಿಕೃತ ಸಾರಾಂಶ ಅಚ್ಚಾಗಿರುತ್ತದೆ, ಅದನ್ನು ನಿಂತು ಓದುವ ಹಕ್ಕು ನಿಮಗಿದೆ. ಮತ ಹಾಕುವ ಕೆಲಸ ನಿಜವಾಗಿ ಅಲ್ಲಿಂದಲೇ ಶುರುವಾಗುತ್ತದೆ.

ಈಗ ‘ಹೌದು’ ಮತ್ತು ‘ಇಲ್ಲ’ಗಳ ವಿಷಯಕ್ಕೆ ಬರುತ್ತೇನೆ. ಅತಿ ಹೆಚ್ಚು ಜನ ಎಡವುವುದು ಇಲ್ಲಿ. 2014ರಲ್ಲಿ ಶಾಸನಸಭೆ ಅಂಗಡಿಗಳಲ್ಲಿ ಒಮ್ಮೆ ಬಳಸಿ ಎಸೆಯುವ ತೆಳು ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸುವ ಕಾನೂನು ಮಾಡಿತು. ಬೇರೆ ಚೀಲ ಬೇಕೆಂದರೆ ಕನಿಷ್ಠ 10 ಸೆಂಟ್ ಕೊಡಬೇಕು, ಆ ಹಣ ಅಂಗಡಿಯವರಿಗೆ. ಚೀಲ ತಯಾರಿಸುವ ಉದ್ಯಮದವರು ಸಹಿ ಸಂಗ್ರಹಿಸಿ ರೆಫರೆಂಡಮ್ ತಂದರು. ಸಹಿಗಳು ಸಾಕಷ್ಟಾದ ಕೂಡಲೇ ಕಾನೂನು ತಡೆಹಿಡಿಯಲ್ಪಟ್ಟು 2016ರ ನವೆಂಬರಿನವರೆಗೆ ಕಾಯಬೇಕಾಯಿತು. ಆಗ ಮತಪತ್ರದ ಮೇಲೆ ಬಂದದ್ದು ಪ್ರಪೊಸಿಷನ್ 67. ಅದನ್ನು ತಂದವರಿಗೆ ಬೇಕಾಗಿದ್ದದ್ದು ‘ಇಲ್ಲ’ ಎಂಬ ಉತ್ತರ! 2023ರಲ್ಲಿ ನಿಯಮ ಬದಲಾಗುವವರೆಗೆ ರೆಫರೆಂಡಮ್‌ನಲ್ಲಿ ಮತದಾರರನ್ನು ಕೇಳುತ್ತಿದ್ದದ್ದು ‘ಈ ಕಾನೂನನ್ನು ತೆಗೆಯೋಣವೇ’ ಎಂದಲ್ಲ, ‘ಈ ಕಾನೂನು ಇರಲೇ’ ಎಂದು. ಹೌದು ಎಂದರೆ ನಿಷೇಧ ಉಳಿಯುತ್ತಿತ್ತು, ಇಲ್ಲ ಎಂದರೆ ಚೀಲ ಉಳಿಯುತ್ತಿತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಅದೇ ಉದ್ಯಮದವರ ಬೆಂಬಲದಿಂದ ಅದೇ ಮತಪತ್ರದ ಮೇಲೆ ಪ್ರಪೊಸಿಷನ್ 65 ಕೂಡ ಇತ್ತು. ಚೀಲಕ್ಕೆ ಕೊಡುವ ಹಣ ಅಂಗಡಿಯವರಿಗೆ ಹೋಗದೆ ಪರಿಸರ ನಿಧಿಗೆ ಹೋಗಲಿ ಎಂಬುದು ಅದರ ಮಾತು. ಶೀರ್ಷಿಕೆ ಮಾತ್ರ ಓದಿದವರಿಗೆ ಪರಿಸರದ ಪರವಾದದ್ದು ಇದೇ ಎಂದು ತೋರುವುದು ಸಹಜ. ಆದರೆ ಪರಿಸರ ಸಂಘಟನೆಗಳು 67ಕ್ಕೆ ಹೌದು ಎನ್ನಿ ಎಂದು ಪ್ರಚಾರ ಮಾಡುತ್ತಿದ್ದಾಗ, ನಿಷೇಧವನ್ನು ಕೆಡವಲು ಹಣ ಹಾಕಿದವರು 65ನ್ನು ಮುಂದಿಟ್ಟಿದ್ದರು. ಕೊನೆಗೆ ಸುಮಾರು ಶೇ 53ರಷ್ಟು ಮತ ಪಡೆದು 67 ಗೆದ್ದಿತು, 65 ಸೋತಿತು. ಪರಸ್ಪರ ವಿರುದ್ಧವಾದ ಎರಡು ಪ್ರಪೊಸಿಷನ್‌ಗಳು ಒಂದೇ ಸಲ ಗೆದ್ದರೆ, ವಿರೋಧವಿರುವ ಅಂಶಗಳಲ್ಲಿ ಹೆಚ್ಚು ಮತ ಪಡೆದದ್ದು ನಿಲ್ಲುತ್ತದೆ ಎಂಬ ನಿಯಮವನ್ನು ಇಲ್ಲಿಯೇ ನೆನಪಿಟ್ಟುಕೊಳ್ಳಿ. ಒಂದೇ ವಿಷಯದ ಮೇಲೆ ಎರಡು ಪ್ರಶ್ನೆಗಳು ಕಂಡರೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಬೇಕು.

ಇನ್ನೊಂದು ಜೋಡಿ. 2008ರಲ್ಲಿ ಸಲಿಂಗ ವಿವಾಹ ಇರಬೇಕೆಂದವರು ಪ್ರಪೊಸಿಷನ್ 8ಕ್ಕೆ ‘ಇಲ್ಲ’ ಎನ್ನಬೇಕಿತ್ತು, ಏಕೆಂದರೆ ಅದು ಆ ವಿವಾಹವನ್ನು ನಿಷೇಧಿಸುವ ತಿದ್ದುಪಡಿ. ಅದು ಸುಮಾರು ಶೇ 52ರಷ್ಟು ಮತದಿಂದ ಗೆದ್ದಿತು. ಮುಂದೆ ಫೆಡರಲ್ ನ್ಯಾಯಾಲಯ ತಳ್ಳಿಹಾಕಿದರೂ ರಾಜ್ಯ ಸಂವಿಧಾನದಲ್ಲಿ ಆ ಸಾಲು ಹಾಗೆಯೇ ಉಳಿದಿತ್ತು. ಅದನ್ನು ಅಳಿಸಲು 2024ರಲ್ಲಿ ಬಂದ ಪ್ರಪೊಸಿಷನ್ 3ಕ್ಕೆ ಅದೇ ಜನ ‘ಹೌದು’ ಎನ್ನಬೇಕಾಯಿತು. ಮನಸ್ಸು ಬದಲಾಗಲಿಲ್ಲ, ತುಂಬಬೇಕಾದ ವೃತ್ತ ಬದಲಾಯಿತು.

ಸಂಖ್ಯೆಯನ್ನೂ ನಂಬಬೇಡಿ. ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಏಕೆಂದರೆ ಇದು ನಮ್ಮವರ ಚರಿತ್ರೆಯೂ ಹೌದು. ಪ್ರಪೊಸಿಷನ್ 13 ಎಂದರೆ ಇಂದು ಎಲ್ಲರಿಗೂ ನೆನಪಾಗುವುದು 1978ರ ಆಸ್ತಿ ತೆರಿಗೆಯ ಕಾನೂನು. ಆದರೆ 1956ರಲ್ಲಿ ಇನ್ನೊಂದು ಪ್ರಪೊಸಿಷನ್ 13 ಇತ್ತು. ಪೌರತ್ವಕ್ಕೆ ಅರ್ಹರಲ್ಲದ ವಿದೇಶೀಯರು ಕೃಷಿ ಭೂಮಿ ಕೊಳ್ಳಬಾರದು, ಗೇಣಿಗೂ ಹಿಡಿಯಬಾರದು ಎಂಬ ಕಾನೂನನ್ನು 1920ರಲ್ಲಿ ಇದೇ ರಾಜ್ಯದ ಜನ ಇದೇ ಇನಿಷಿಯೇಟಿವ್ ಮೂಲಕ ಬಿಗಿ ಮಾಡಿದ್ದರು. ಗುರಿಯಾಗಿದ್ದವರು ಜಪಾನೀ ರೈತರು; 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಭಾರತೀಯರೂ ಪೌರತ್ವಕ್ಕೆ ಅರ್ಹರಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಪಂಜಾಬಿನಿಂದ ಬಂದ ರೈತರೂ ಅದರಡಿ ಸಿಲುಕಿದರು. ಆ ಭೂ ಕಾನೂನನ್ನು ಪುಸ್ತಕದಿಂದ ತೆಗೆದುಹಾಕಿದ್ದು 1956ರ ಪ್ರಪೊಸಿಷನ್ 13. ಅದೇ ನವೆಂಬರಿನ ಅದೇ ಚುನಾವಣೆಯಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ದಲೀಪ್ ಸಿಂಗ್ ಸೌಂದ್ ಅವರನ್ನು ಅಮೆರಿಕದ ಸಂಸತ್ತಿಗೆ ಕಳುಹಿಸಿದರು. ಅಲ್ಲಿಗೆ ಹೋದ ಮೊದಲ ಭಾರತೀಯ ಮೂಲದವರು ಅವರು. ಜನ ನೇರವಾಗಿ ಬರೆದ ಕಾನೂನು ಜನರ ಒಂದು ಗುಂಪಿನ ಮೇಲೆಯೇ ಬೀಳಬಹುದು ಎಂಬುದನ್ನು ಇಂದು ಮತ ಹಾಕುವಾಗ ನಾವು ಮರೆಯಬಾರದು ಎಂದು ನನಗೆ ಬಲವಾಗಿ ಅನಿಸುತ್ತದೆ. ಈ ರಾಜ್ಯದಲ್ಲಿ ಅಂದು ಮತ ಹಾಕಲಾಗದೆ ಹೊರಗೆ ನಿಂತಿದ್ದವರಲ್ಲಿ ನಮ್ಮ ದೇಶದವರೂ ಇದ್ದರು.

ಪ್ರಪೊಸಿಷನ್‌ಗಳನ್ನು ‘ಇಶ್ಯೂ’ ಎಂದು ಕರೆಯುವ ಓಹಾಯೊ ರಾಜ್ಯದಲ್ಲಂತೂ 2023ರ ಒಂದೇ ವರ್ಷದಲ್ಲಿ ‘ಇಶ್ಯೂ 1’ ಎಂಬ ಹೆಸರು ಎರಡು ಸಲ ಬಂತು. ಆಗಸ್ಟಿನದು ಸಂವಿಧಾನ ತಿದ್ದುಪಡಿಗೆ ಶೇ 60ರಷ್ಟು ಮತ ಬೇಕೆನ್ನುವುದು. ನವೆಂಬರಿನದು ಗರ್ಭಪಾತದ ಹಕ್ಕನ್ನು ಸಂವಿಧಾನಕ್ಕೆ ಸೇರಿಸುವುದು. ಗರ್ಭಪಾತದ ಹಕ್ಕನ್ನು ಬಯಸಿದವರು ಮೊದಲನೆಯ ‘ಇಶ್ಯೂ 1’ ಸೋಲಲಿ, ಎರಡನೆಯ ‘ಇಶ್ಯೂ 1’ ಗೆಲ್ಲಲಿ ಎಂದು ಪ್ರಚಾರ ಮಾಡಬೇಕಾಯಿತು, ಮಾಡಿದರು, ಹಾಗೆಯೇ ಆಯಿತು. ಗೆಲುವಿನ ಗೆರೆಯೂ ಎಲ್ಲೆಡೆ ಒಂದೇ ಅಲ್ಲ. ಫ್ಲಾರಿಡಾದಲ್ಲಿ ತಿದ್ದುಪಡಿಗೆ ಶೇ 60 ಬೇಕಾದ್ದರಿಂದ 2024ರಲ್ಲಿ ಗರ್ಭಪಾತದ ಹಕ್ಕಿನ ತಿದ್ದುಪಡಿ ಸುಮಾರು ಶೇ 57 ಮತ ಪಡೆದೂ ಸೋತಿತು. ನಮ್ಮಲ್ಲಿ ರಾಜ್ಯದ ಪ್ರಪೊಸಿಷನ್‌ಗೆ ಅರ್ಧಕ್ಕಿಂತ ಒಂದು ಮತ ಹೆಚ್ಚಾದರೆ ಸಾಕು. ಸ್ಥಳೀಯ ಶಾಲಾ ಬಾಂಡ್‌ಗಳಿಗೆ ಸಾಮಾನ್ಯವಾಗಿ ಶೇ 55 ಬೇಕು.

ಹಾಗಾದರೆ ಓದುವುದು ಹೇಗೆ? ಚುನಾವಣೆಗೆ ಕೆಲವು ವಾರ ಮೊದಲು, ರಾಜ್ಯದ ಚುನಾವಣೆಗಳನ್ನು ನೋಡಿಕೊಳ್ಳುವ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಿಂದ ದಪ್ಪನೆಯ ವೋಟರ್ ಗೈಡ್ ಬರುತ್ತದೆ. ಜಾಹೀರಾತು ಕಾಗದಗಳ ಜೊತೆ ಅದನ್ನು ಮರುಬಳಕೆಯ ಡಬ್ಬಕ್ಕೆ ಹಾಕಬೇಡಿ. ಅದರೊಳಗಿನ ಭಾಗಗಳನ್ನು ಬರೆದವರು ಬೇರೆ ಬೇರೆ ಎಂಬುದು ಮುಖ್ಯ. ಶೀರ್ಷಿಕೆ ಮತ್ತು ಸಾರಾಂಶ ರಾಜ್ಯದ ಮುಖ್ಯ ಕಾನೂನು ಅಧಿಕಾರಿಯಾದ ಅಟಾರ್ನಿ ಜನರಲ್ ಅವರದು. ಅವರು ಪಕ್ಷವೊಂದರಿಂದ ಚುನಾಯಿತರಾದವರು, ಆದ್ದರಿಂದ ಅವರ ಪದಗಳ ಆಯ್ಕೆಯ ಬಗ್ಗೆ ಆಗಾಗ ತಕರಾರು ಏಳುತ್ತದೆ. ಪರ ಮತ್ತು ವಿರೋಧದ ವಾದಗಳು ಆಯಾ ಕಡೆಯವರದು. ನಡುವೆ ಬರುವ ವಿಶ್ಲೇಷಣೆ ಶಾಸಕಾಂಗದ ಪಕ್ಷಾತೀತ ವಿಶ್ಲೇಷಕರ ಕಚೇರಿಯದು. ನಾನು ಗೈಡ್ ತೆರೆಯುವುದೇ ಆ ಭಾಗದಿಂದ. ಈಗಿರುವ ಕಾನೂನು ಏನು, ಪ್ರಸ್ತಾವ ಏನನ್ನು ಬದಲಿಸುತ್ತದೆ, ಬೊಕ್ಕಸಕ್ಕೆ ಎಷ್ಟು ಹೊರೆ, ಈ ಕ್ರಮದಲ್ಲಿ ಅದು ಸಾಗುತ್ತದೆ. ಆಮೇಲೆ ವಿರೋಧದ ವಾದ, ಆಮೇಲೆ ಪರವಾದ ವಾದ. ಮನಸ್ಸು ಎತ್ತ ವಾಲಿದೆಯೋ ಅದರ ಎದುರು ಪಕ್ಷವನ್ನು ಮೊದಲು ಓದುವುದು ಒಳ್ಳೆಯದು. ಕೊನೆಗೆ, ಸಂಶಯ ಉಳಿದರೆ, ಹಿಂಭಾಗದಲ್ಲಿರುವ ಪೂರ್ಣ ಪಠ್ಯ. ಅಲ್ಲಿ ತೆಗೆದುಹಾಕುವ ಪದಗಳ ಮೇಲೆ ಗೆರೆ ಎಳೆದಿರುತ್ತಾರೆ, ಹೊಸದಾಗಿ ಸೇರುವ ಪದಗಳನ್ನು ಓರೆ ಅಕ್ಷರದಲ್ಲಿ ಹಾಕಿರುತ್ತಾರೆ. ಎಷ್ಟೋ ಸಲ ಆ ಗೆರೆ ಎಳೆದ ಒಂದು ಸಾಲಿನಲ್ಲಿ ಇಡೀ ವಿಷಯ ಅಡಗಿರುತ್ತದೆ.

ಬಾಂಡ್‌ಗಳನ್ನು ಹೀಗೆ ಓದಿ ನೋಡಿ. 2024ರ ಪ್ರಪೊಸಿಷನ್ 4 ನೀರು, ಕಾಡ್ಗಿಚ್ಚು ಮತ್ತು ಹವಾಮಾನದ ಕಾಮಗಾರಿಗಳಿಗೆ 1,000 ಕೋಟಿ ಡಾಲರ್ ಸಾಲ ಎತ್ತುವುದಕ್ಕೆ ಒಪ್ಪಿಗೆ ಕೇಳಿತ್ತು, ಜನ ಕೊಟ್ಟರು. ವಿಶ್ಲೇಷಕರ ಅಂದಾಜಿನಲ್ಲಿ ಮರುಪಾವತಿ ವರ್ಷಕ್ಕೆ ಸುಮಾರು 40 ಕೋಟಿ ಡಾಲರ್‌ನಂತೆ 40 ವರ್ಷ. ಗುಣಿಸಿ: 1,600 ಕೋಟಿ. ಮನೆ ಸಾಲ ತೆಗೆದುಕೊಂಡವರಿಗೆ ಈ ಲೆಕ್ಕ ಹೊಸದಲ್ಲ. ಸಾಲವೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಐವತ್ತು ವರ್ಷ ಬಾಳುವ ಅಣೆಕಟ್ಟೆಗೆ ನಲವತ್ತು ವರ್ಷದ ಸಾಲ ನ್ಯಾಯವೇ. ಕೆಲವೇ ವರ್ಷಗಳಲ್ಲಿ ಸವೆದುಹೋಗುವ ವಸ್ತುವಿಗೆ ಮೊಮ್ಮಕ್ಕಳ ಕಾಲದವರೆಗೆ ಕಂತು ಕಟ್ಟುವುದು ಬೇರೆ ಮಾತು. ಹಣ ಯಾವುದಕ್ಕೆ ಹೋಗುತ್ತದೆ ಎಂಬ ಪಟ್ಟಿ ಗೈಡ್‌ನಲ್ಲಿಯೇ ಇರುತ್ತದೆ.

ಗೆದ್ದ ಕಾನೂನನ್ನು ಮುಂದೆ ಯಾರು ತಿದ್ದಬಹುದು ಎಂಬ ಪ್ರಶ್ನೆಯನ್ನು ಬಹಳ ಕಡಿಮೆ ಜನ ಕೇಳಿಕೊಳ್ಳುತ್ತಾರೆ. ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಭಾರವಾದ ಪ್ರಶ್ನೆ. ಕ್ಯಾಲಿಫೋರ್ನಿಯಾದಲ್ಲಿ ಇನಿಷಿಯೇಟಿವ್ ಮೂಲಕ ಬಂದ ಕಾನೂನನ್ನು, ಆ ಕಾನೂನೇ ಅನುಮತಿ ಕೊಡದಿದ್ದರೆ, ಶಾಸನಸಭೆ ಮತ್ತೆ ಜನರ ಬಳಿ ಹೋಗದೆ ಮುಟ್ಟುವಂತಿಲ್ಲ. 2020ರ ಪ್ರಪೊಸಿಷನ್ 22 ಆ್ಯಪ್ ಆಧಾರಿತ ಕಂಪನಿಗಳ ಚಾಲಕರನ್ನು ನೌಕರರೆಂದು ಪರಿಗಣಿಸದೆ ಸ್ವತಂತ್ರ ಗುತ್ತಿಗೆದಾರರೆಂದು ಉಳಿಸಿತು. ಊಬರ್, ಲಿಫ್ಟ್, ಡೋರ್‌ಡ್ಯಾಶ್ ಮೊದಲಾದ ಕಂಪನಿಗಳು ಅದಕ್ಕಾಗಿ 20 ಕೋಟಿ ಡಾಲರ್‌ಗೂ ಹೆಚ್ಚು ಖರ್ಚು ಮಾಡಿದವು, ಶೇ 58ಕ್ಕೂ ಹೆಚ್ಚು ಜನ ಒಪ್ಪಿದರು. ಅದರ ಪಠ್ಯದೊಳಗೆ, ಶಾಸನಸಭೆ ಇದನ್ನು ತಿದ್ದಬೇಕಾದರೆ ಎಂಟರಲ್ಲಿ ಏಳು ಭಾಗದಷ್ಟು ಬಹುಮತ ಬೇಕು ಎಂಬ ಷರತ್ತಿತ್ತು. ಸಾಮಾನ್ಯ ಬಹುಮತದಿಂದ ಗೆದ್ದ ಕಾನೂನು ತನ್ನ ಸುತ್ತ ಎಷ್ಟು ಎತ್ತರದ ಬೇಲಿ ಹಾಕಿಕೊಂಡಿತೆಂದು ನೋಡಿ. ಚಾಲಕರ ವಿಷಯದಲ್ಲಿ ನಿಮ್ಮ ನಿಲುವು ಏನೇ ಇರಲಿ, ಆ ಸಾಲನ್ನು ಓದಿ ಮತ ಹಾಕುವುದಕ್ಕೂ ಓದದೆ ಹಾಕುವುದಕ್ಕೂ ವ್ಯತ್ಯಾಸವಿದೆ.

1978ರ ಪ್ರಪೊಸಿಷನ್ 13 ಇದಕ್ಕಿಂತ ಹಳೆಯ, ಇನ್ನೂ ದೊಡ್ಡ ಉದಾಹರಣೆ. ಮನೆಗಳ ಬೆಲೆ ಏರಿದಂತೆ ತೆರಿಗೆಯೂ ಏರಿ, ನಿವೃತ್ತರು ಸ್ವಂತ ಮನೆ ಬಿಡಬೇಕಾದ ಭಯವಿದ್ದ ಕಾಲ ಅದು. ಮೂಲ ತೆರಿಗೆ ಶೇ 1ನ್ನು ಮೀರಬಾರದು, ಮನೆ ಮಾರಾಟವಾಗುವ ತನಕ ತೆರಿಗೆಗೆ ಹಿಡಿಯುವ ಬೆಲೆ ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರಬಾರದು ಎಂದು ಸುಮಾರು ಶೇ 65 ಜನ ತೀರ್ಮಾನಿಸಿದರು. 1978ರಲ್ಲಿ ಒಂದು ಲಕ್ಷ ಡಾಲರ್‌ಗೆ ಕೊಂಡ ಮನೆಯನ್ನು ಕಲ್ಪಿಸಿಕೊಳ್ಳಿ. ಶೇ 2ರಂತೆ ಏರುತ್ತ 2024ಕ್ಕೆ ಅದರ ತೆರಿಗೆಯ ಬೆಲೆ ಸುಮಾರು ಎರಡೂವರೆ ಲಕ್ಷ. ಮೂಲ ತೆರಿಗೆ ಎರಡೂವರೆ ಸಾವಿರ. ಗೋಡೆಗೆ ಗೋಡೆ ತಾಗಿದ ಅಂಥದೇ ಮನೆಯನ್ನು ನಮ್ಮ ಮಕ್ಕಳ ವಯಸ್ಸಿನ ದಂಪತಿ ಇಪ್ಪತ್ತು ಲಕ್ಷಕ್ಕೆ ಕೊಂಡರೆ ಅವರದು ಇಪ್ಪತ್ತು ಸಾವಿರ. ಅಂದು ಹೌದು ಎಂದವರ ಸಂಕಟ ನಿಜವಾದದ್ದು. ಇಂದಿನ ಈ ಅಂತರವೂ ನಿಜವಾದದ್ದು. ಸಂವಿಧಾನದೊಳಗೆ ಹೋಗಿ ಕುಳಿತದ್ದರಿಂದ ಅದು ಸುಮಾರು ಅರ್ಧ ಶತಮಾನ ಕಳೆದರೂ ಬಹುಮಟ್ಟಿಗೆ ಹಾಗೆಯೇ ಇದೆ. ಆದ್ದರಿಂದ ಸಂವಿಧಾನ ತಿದ್ದುಪಡಿಯ ಬಗ್ಗೆ ಓದಿಯೂ ನನಗೆ ಖಚಿತವಾಗದಿದ್ದರೆ ನಾನು ‘ಇಲ್ಲ’ ಎನ್ನುತ್ತೇನೆ: ಸೋತ ಪ್ರಸ್ತಾವವನ್ನು ಸುಧಾರಿಸಿ ಮತ್ತೆ ತರಬಹುದು, ಗೆದ್ದದ್ದನ್ನು ಹಿಂದೆಗೆಯುವುದು ಬಹಳ ಕಷ್ಟ. ಇದು ನನ್ನ ರೂಢಿ, ನಿಮ್ಮ ಮೇಲೆ ಹೇರುವುದಿಲ್ಲ. ರೆಫರೆಂಡಮ್‌ನಲ್ಲಿ ಈ ರೂಢಿ ನಡೆಯುವುದಿಲ್ಲ ಎಂಬುದನ್ನೂ ಪ್ಲಾಸ್ಟಿಕ್ ಚೀಲದ ಕಥೆಯಿಂದ ನೀವು ಆಗಲೇ ಗ್ರಹಿಸಿರಬಹುದು. ಅಲ್ಲಿ ‘ಇಲ್ಲ’ ಎಂದಿದ್ದರೆ ಶಾಸನಸಭೆ ಮಾಡಿದ ಕಾನೂನು ಬಿದ್ದುಹೋಗುತ್ತಿತ್ತು.

ಹಣದ ವಿಷಯದಲ್ಲಿ ಒಂದೇ ಮಾತು. ಜಾಹೀರಾತಿನ ಕೊನೆಯಲ್ಲಿ 50,000 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಕೊಟ್ಟವರಲ್ಲಿ ಮೊದಲ ಮೂವರ ಹೆಸರು ತೋರಿಸಬೇಕೆಂಬ ಕಾನೂನು ಇಲ್ಲಿದೆ. ಜಾಹೀರಾತಿನಲ್ಲಿ ಮಾತನಾಡುವ ಶಿಕ್ಷಕಿ, ಅಗ್ನಿಶಾಮಕ ಸಿಬ್ಬಂದಿಯ ಮುಖ ನೋಡುವುದಕ್ಕಿಂತ ಆ ಮೂರು ಹೆಸರುಗಳನ್ನು ನೋಡಿ. 2022ರಲ್ಲಿ ಕ್ರೀಡಾ ಬೆಟ್ಟಿಂಗ್ ಕುರಿತ ಪ್ರಪೊಸಿಷನ್ 26 ಮತ್ತು 27ಕ್ಕೆ ಎರಡೂ ಕಡೆಯವರು ಸೇರಿ 40 ಕೋಟಿ ಡಾಲರ್‌ಗೂ ಹೆಚ್ಚು ಸುರಿದರು. 27ರ ಜಾಹೀರಾತುಗಳು ಮನೆಯಿಲ್ಲದವರಿಗೆ ನೆರವು ಎಂದವು, ಹಣ ಹಾಕಿದವರು ಆನ್‌ಲೈನ್ ಬೆಟ್ಟಿಂಗ್ ಕಂಪನಿಗಳು. ಎರಡೂ ಸೋತವು. 27ಕ್ಕೆ ಇಲ್ಲ ಎಂದವರು ಶೇ 80ಕ್ಕೂ ಹೆಚ್ಚು. ಹಣವಿದ್ದರೆ ಗೆಲುವು ಖಚಿತ ಎಂಬ ನಿರಾಶೆಗೆ ಕಾರಣವಿಲ್ಲ.

ಹತ್ತಕ್ಕೆ ಹತ್ತೂ ತುಂಬಲೇಬೇಕೇ ಎಂದು ಹಲವರು ಕೇಳುತ್ತೀರಿ. ಬೇಡ. ಅರ್ಥವಾಗದ್ದನ್ನು ಖಾಲಿ ಬಿಟ್ಟರೆ ಉಳಿದ ಮತಗಳು ಕೆಡುವುದಿಲ್ಲ. ಖಾಲಿ ಬಿಟ್ಟದ್ದು ‘ಇಲ್ಲ’ ಎಂದೂ ಲೆಕ್ಕಕ್ಕೆ ಬರುವುದಿಲ್ಲ. ಆ ಪ್ರಶ್ನೆಯನ್ನು ಉತ್ತರಿಸಿದವರ ತೀರ್ಮಾನಕ್ಕೆ ಬಿಟ್ಟಂತೆ, ಅಷ್ಟೆ. ತಪ್ಪಾಗಿ ತುಂಬಿದರೆ ಬೇರೆ ಮತಪತ್ರ ಕೇಳಿ ಪಡೆಯಬಹುದು. ಮತಗಟ್ಟೆಗೇ ಹೋಗುವವರು ಮನೆಯಲ್ಲಿ ಗುರುತು ಹಾಕಿಕೊಂಡ ಮಾದರಿ ಮತಪತ್ರವನ್ನು ಜೊತೆಗೆ ಒಯ್ಯಬಹುದು.

ಇಂಗ್ಲಿಷ್ ಬಾರದ ಹಿರಿಯರ ಬಗ್ಗೆ ಕೇಳಿದ್ದೀರಿ. ರಾಜ್ಯದ ಗೈಡ್ ಹಿಂದಿಯಲ್ಲಿ ಸಿಗುತ್ತದೆ, ಕನ್ನಡದಲ್ಲಿ ಇಲ್ಲ. ಆದರೆ ಮತ ಹಾಕಲು ನೆರವು ಬೇಕಾದವರು ತಾವೇ ಆರಿಸಿಕೊಂಡ ಇಬ್ಬರವರೆಗೆ ಸಹಾಯ ಪಡೆಯಬಹುದು. ಕೆಲಸ ಕೊಟ್ಟವರು ಮತ್ತು ಕಾರ್ಮಿಕ ಸಂಘದ ಪ್ರತಿನಿಧಿಗಳು ಮಾತ್ರ ಆಗುವುದಿಲ್ಲ. ನನ್ನ ತಾಯಿ ಕನ್ನಡ ದುಭಾಷಿಯ ನೆರವಿನಿಂದ ಪೌರತ್ವದ ಸಂದರ್ಶನ ಮುಗಿಸಿದವರು. ಕಳೆದ ಸಲ ಅಡುಗೆಮನೆಯ ಮೇಜಿನ ಮೇಲೆ ಗೈಡ್ ಹರಡಿಕೊಂಡು ಎರಡು ಸಂಜೆ ಅವರಿಗೆ ಒಂದೊಂದನ್ನೇ ಕನ್ನಡದಲ್ಲಿ ಹೇಳಿದೆ. ವಿಶ್ಲೇಷಣೆ ಹೇಳಿದೆ, ಎರಡೂ ಕಡೆಯ ವಾದ ಹೇಳಿದೆ, ನನ್ನ ಅಭಿಪ್ರಾಯವನ್ನು ಅವರು ಕೇಳಿದರೂ ಹೇಳಲಿಲ್ಲ. ಬಾಂಡ್ ಬಂದಾಗ ‘ಈ ಸಾಲ ತೀರಿಸೋರು ಯಾರಪ್ಪ, ಎಷ್ಟು ವರ್ಷ?’ ಎಂದು ಕೇಳಿ, ಉತ್ತರ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು ‘ಬೇಡ ಅಂತ ಹಾಕು’ ಎಂದರು. ನಾನು ಅದಕ್ಕೆ ಹೌದು ಎಂದು ಹಾಕಿದ್ದೆ. ಅವರು ಹೇಳಿದ ವೃತ್ತವನ್ನೇ ತುಂಬಿ, ಲಕೋಟೆ ಮುಚ್ಚುವ ಮೊದಲು ಒಂದೊಂದನ್ನೂ ಬೆರಳಿಟ್ಟು ತೋರಿಸಿದೆ. ಲಕೋಟೆಯ ಮೇಲಿನ ಸಹಿ ನೋಂದಣಿಯ ಸಹಿಗೆ ಹೊಂದಬೇಕು ಎಂಬುದನ್ನು ನೀವೂ ಗಮನಿಸಿ, ಅವಸರದಲ್ಲಿ ಗೀಚಬೇಡಿ. ಅಮ್ಮ ನೋಂದಣಿ ಅರ್ಜಿಯಲ್ಲಿ ಕನ್ನಡದಲ್ಲಿ ಸಹಿ ಮಾಡಿದ್ದರು, ಲಕೋಟೆಯ ಮೇಲೂ ಕನ್ನಡದಲ್ಲಿಯೇ ಮಾಡಿದರು. ಹತ್ತು ದಿನಗಳ ಮೇಲೆ ಅವರ ಮತಪತ್ರ ಸ್ವೀಕೃತವಾಗಿದೆ ಎಂಬ ಸಂದೇಶ ನನ್ನ ಫೋನಿಗೆ ಬಂತು.